ಪರದೆ ಹಿಡಿಯುವ ಫೋಟೋಗ್ರಾಫರ್

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹೊಸಹಳ್ಳಿ ಬಳಿ ಹೆದ್ದಾರಿಯಲ್ಲಿ ಲಾರಿಯೊಂದು ಮಗುಚಿದೆ. ಪಕ್ಕದಲ್ಲೇ ನಜ್ಜುಗುಜ್ಜಾದ ಬೈಕು, ಉಸಿರು ನಿಂತ ಸವಾರ. ನೆರೆದವರ ಕೈಯಲ್ಲಿ ಕ್ಯಾಮೆರಾ ಮೊಬೈಲುಗಳು ಮೇಲೇಳುತ್ತಿವೆ. ಪೊಲೀಸರು ಕರೆಸಿದ ಫೋಟೋಗ್ರಾಫರ್ ಹುಲುಗೇಶ್ ಸ್ಕೂಟರಿನಿಂದ ಇಳಿದವರೇ, ಕ್ಯಾಮೆರಾಕ್ಕಿಂತ ಮೊದಲು ತಮ್ಮ ಸ್ಟುಡಿಯೋದ ನೀಲಿ ಪರದೆ ಬಿಚ್ಚಿ, ಮೊಬೈಲ್ ಹಿಡಿದವನ ಕೈಗೇ ಅದರ ತುದಿ ಕೊಡುತ್ತಾರೆ.

"ಹಿಡೀರಣ್ಣ. ಅತ್ತಾಗ ಮುಖ ಮಾಡಿ ನಿಂದ್ರಿ."

ಆತ ಮೊಬೈಲ್ ಜೇಬಿಗಿಳಿಸಿ ನಿಲ್ಲುತ್ತಾನೆ. ಆ ಮರೆಯೊಳಗೆ ಹುಲುಗೇಶ್ ಕೇಸಿಗೆ ಬೇಕಾದಷ್ಟೇ ಚಿತ್ರ ತೆಗೆಯುತ್ತಾರೆ. ಠಾಣೆಗೆ ಒಪ್ಪಿಸಿದ ಮೇಲೆ ತಮ್ಮಲ್ಲಿ ಒಂದನ್ನೂ ಉಳಿಸಿಕೊಳ್ಳುವುದಿಲ್ಲ.

ಕೂಡ್ಲಿಗಿಯಲ್ಲಿ ಅವರದು ಸಣ್ಣ ಸ್ಟುಡಿಯೋ. ಮದುವೆ, ನಾಮಕರಣಗಳೇ ಹೊಟ್ಟೆಪಾಡು. ಈ ಪರದೆಯ ಪದ್ಧತಿ ಶುರುವಾದದ್ದು ಕಳೆದ ವರ್ಷ, 2008ರಲ್ಲಿ. ಚಿಗಟೇರಿ ಹತ್ತಿರ ಬಾಡಿಗೆಯ ಟ್ರ್ಯಾಕ್ಸ್ ಜೀಪು ಉರುಳಿ ಕೊಟ್ಟೂರಿನ ಗಾರೆ ಮೇಸ್ತ್ರಿ ಪಾಲಯ್ಯ ತೀರಿಕೊಂಡರು. ಸುದ್ದಿ ಮನೆ ಮುಟ್ಟುವ ಮೊದಲೇ ಯಾರೋ ತೆಗೆದ ಚಿತ್ರ ಇಂಟರ್ನೆಟ್ಟಿನ ಆರ್ಕುಟ್ ತಾಣ ಏರಿತ್ತು. ಪರೀಕ್ಷೆಯ ಫಲಿತಾಂಶ ನೋಡಲು ನೆಟ್ ಸೆಂಟರಿಗೆ ಹೋಗಿದ್ದ ಮಗಳು ಯಶೋಧಾ, ಪಕ್ಕದ ಕಂಪ್ಯೂಟರಿನ ಮುಂದೆ ಗುಂಪು ಕಂಡು ಇಣುಕಿದಳು. ಅಪ್ಪನ ಅಂಗಿಯ ಗುರುತು ಹತ್ತಿತು.

ಪಾಲಯ್ಯನ ತಮ್ಮ ದುರುಗಪ್ಪ ಸಿಟ್ಟಿನಿಂದ ನೇರ ಸ್ಟುಡಿಯೋಕ್ಕೆ ಬಂದರು. "ಪೊಲೀಸರು ಕರೆಸೋದು ನಿನ್ನ. ಫೋಟೊ ಹೊರಗ ಬಿಟ್ಟೋನೂ ನೀನ!"

"ನಾ ಬಿಟ್ಟಿಲ್ಲಣ್ಣ. ಆದ್ರ ಅದನ್ನ ಅಳಿಸಿಸ್ತೀನಿ" ಎಂದರು ಹುಲುಗೇಶ್.

ಸ್ಟುಡಿಯೋಕ್ಕೆ ಬೀಗ ಹಾಕಿ ಹೊರಟರು. ವಿಚಾರಿಸುತ್ತಾ ಹೋದಾಗ ಚಿತ್ರ ಹಾಕಿದವನು ಸಿಕ್ಕ: ಕ್ರಾಂತಿ, ಮೊಬೈಲ್ ಅಂಗಡಿಯ ಯುವಕ. ಹುಲುಗೇಶ್ ಬೈಯಲಿಲ್ಲ, ಪೊಲೀಸರ ಹೆಸರೂ ಎತ್ತಲಿಲ್ಲ. "ನಿಮ್ಮಪ್ಪನ ಫೋಟೊ ಐತೇನಪ್ಪ ಮೊಬೈಲ್‌ನಾಗ?" ಎಂದರು. ಆತ ತೋರಿಸಿದ.

"ಚಂದ ಅದಾರ. ಪಾಲಯ್ಯನೂ ಹಿಂಗ ಚಂದ ಇದ್ರು. ಅವರ ಮಗಳು ನೋಡಿದ್ದು ಮಾತ್ರ ನೀ ಹಾಕಿದ್ದನ್ನ."

ಕ್ರಾಂತಿ ತಲೆ ತಗ್ಗಿಸಿ ಅಲ್ಲೇ ಅಳಿಸಿದ. ಅಷ್ಟರಲ್ಲಿ ಚಿತ್ರ ಬ್ಲೂಟೂತ್ ಹಿಡಿದು ಊರೂರು ತಿರುಗಿತ್ತು. ಉಜ್ಜಿನಿ, ಹರಪನಹಳ್ಳಿ, ಹಡಗಲಿ: ಎಲ್ಲಿದೆ ಅಂತ ಕಿವಿಗೆ ಬಿತ್ತೋ ಅಲ್ಲಿಗೆಲ್ಲ ಹೋಗಿ, ಅಪರಿಚಿತರ ಮುಂದೆ ಕೈಮುಗಿದು ಅಳಿಸಿಸಿದರು. ಕೆಲವರು ನಕ್ಕರು. ಒಬ್ಬ ಕುತ್ತಿಗೆಗೆ ಕೈಹಾಕಿ ದಬ್ಬಿದ. ಮರುದಿನ ಅವನ ಬಾಗಿಲಿಗೇ ಮತ್ತೆ ಹೋದರು.

ಕೆಲಸಕ್ಕೆ ಮರಳಿದ ಮೇಲೂ ಅಷ್ಟಕ್ಕೇ ಬಿಡದೆ, ಪಾಲಯ್ಯ ಯಾವುದೋ ಮದುವೆಯಲ್ಲಿ ನಗುತ್ತಾ ನಿಂತ ಹಳೆಯ ನೆಗೆಟಿವ್ ಹುಡುಕಿ, ದೊಡ್ಡದು ಮಾಡಿಸಿ ಅವರ ಮನೆಗೊಯ್ದರು. ಪಾಲಯ್ಯನ ಹೆಂಡತಿ ಭರಮಮ್ಮ ಅದನ್ನು ಎದೆಗೊತ್ತಿಕೊಂಡು ಬಹಳ ಹೊತ್ತು ಬಿಡಲಿಲ್ಲ. ಯಶೋಧಾ ಒಳಗಿನಿಂದ ಬಂದು, ಆ ದಿನದ ನಂತರ ಮೊದಲ ಬಾರಿಗೆ ಅಪ್ಪನ ಮುಖ ದಿಟ್ಟಿಸಿದಳು.

ಎಲ್ಲ ಕಡೆಯೂ ಅಳಿಸಿ ಹೋಯಿತೇ ಎಂದರೆ ಹುಲುಗೇಶ್ ನೀಲಿ ಪರದೆ ಮಡಚುತ್ತಾ ಹೇಳುತ್ತಾರೆ: "ಅದನ್ನ ಹೇಳಾಕ ಬರಂಗಿಲ್ರಿ. ನನ್ನ ಆಸಿ ಇಷ್ಟ: ಸುದ್ದಿ ಮೊದಲು ಮನಿ ಮುಟ್ಟಲಿ. ಅದೂ ಮನ್ಷಾರ ಬಾಯಿಂದ, ಕೈ ಹಿಡಕೊಂಡು."