ಅದು ಮುಟ್ಟಾಗಿರಲಿಲ್ಲ

ಹೊಸನಗರದಲ್ಲಿ ಬ್ಲೌಸ್ ಹೊಲಿಯುವ ಜಿನಶ್ರೀಗೆ ನಲವತ್ತಮೂರಕ್ಕೇ ಮುಟ್ಟು ನಿಂತಿತ್ತು. ಮಕ್ಕಳಾಗಿರಲಿಲ್ಲ. ಎರಡು ವರ್ಷದ ಮೇಲೆ ಒಂದು ಬೆಳಿಗ್ಗೆ ಬಟ್ಟೆಯಲ್ಲಿ ಕೆಂಪು ಕಲೆ ಕಂಡಾಗ ಅವಳು ಬಚ್ಚಲಲ್ಲೇ ನಿಂತು ಸಂತೋಷದಿಂದ ಅತ್ತಳು. ನೋವೇನೂ ಇರಲಿಲ್ಲ. ಕಲೆ ಆಗಾಗ ಕಾಣಿಸಿ ಮಾಯವಾಗುತ್ತಿತ್ತು. ಕೆಲವು ತಿಂಗಳು ಯಾರಿಗೂ ಹೇಳದೆ ಇದ್ದು, ಕೊನೆಗೆ ಗಂಡ ಪುಷ್ಪರಾಜನ ಹತ್ತಿರ ಬಾಯಿಬಿಟ್ಟಳು.

"ರೀ, ನಂಗೆ ಮತ್ತೆ ಶುರುವಾಗಿದೆ. ಡಾಕ್ಟರಿಗೆ ತೋರಿಸೋಣ. ಈಗ್ಲೂ ಮಗು ಆಗ್ಬಹುದೇನೋ."

ತೀರ್ಥಹಳ್ಳಿಯ ಡಾಕ್ಟರು ಪರೀಕ್ಷಿಸಿ, ರಕ್ತ ಗರ್ಭಕೋಶದಿಂದ ಬರುತ್ತಿಲ್ಲ ಎಂದರು. ಮೂತ್ರವನ್ನು ಪರೀಕ್ಷೆಗೆ ಕಳಿಸಿದರು. ಅದರಲ್ಲಿ ಕ್ಯಾನ್ಸರ್ ಕಣಗಳಿವೆ ಎಂದು ವರದಿ ಬಂತು. ಮೂತ್ರಕೋಶದೊಳಗೆ ಕ್ಯಾಮೆರಾ ಇಳಿಸಿ ನೋಡಿದಾಗ ಗಡ್ಡೆ ಆಳಕ್ಕೆ ಬೇರು ಬಿಟ್ಟಿತ್ತು.

"ಮೊದಲು ಕಂಡಾಗ್ಲೇ ಮೂತ್ರ ಪರೀಕ್ಷೆ ಮಾಡ್ಸಿದ್ರೆ ಬೇಗ ಗೊತ್ತಾಗ್ತಿತ್ತೇನೋ ಅಮ್ಮ," ಎಂದರು ಡಾಕ್ಟರು. "ಈಗ ಮೂತ್ರಕೋಶದ ಜೊತೆ ಗರ್ಭಕೋಶಾನೂ ತೆಗೀಬೇಕಾಗತ್ತೆ."

"ಅದೊಂದನ್ನ ಬಿಟ್ಬಿಡಿ ಡಾಕ್ಟ್ರೆ."

"ಬಿಟ್ರೆ ಅಲ್ಲಿಗೂ ಹಬ್ಬತ್ತೆ."

ಜಿನಶ್ರೀ ಗಂಡನ ಮುಖ ನೋಡಿದಳು. ಅವನು ತಲೆ ತಗ್ಗಿಸಿ ಅವಳ ಕೈ ಹಿಡಿದುಕೊಂಡ. "ನೀನು ಉಳ್ಕೊಂಡ್ರೆ ಸಾಕು ಕಣೇ," ಎಂದ.

ಆಪರೇಷನ್ ಆಗಿ ಅವಳು ಉಳಿದಳು. ಹೊಟ್ಟೆಯ ಮೇಲೆ ಮೂತ್ರದ ಚೀಲ ಅಂಟಿಸಿಕೊಂಡೇ ಹೊಲಿಗೆ ಮುಂದುವರಿಸಿದಳು. ಚೇತರಿಸಿಕೊಂಡ ಮೇಲೆ ಪುಷ್ಪರಾಜ ಅವಳನ್ನು ಹೊಂಬುಜದ ಬಸದಿಗೆ ಕರೆದುಕೊಂಡು ಹೋದ. ಪದ್ಮಾವತಿ ಅಮ್ಮನ ಮುಂದೆ ಅವಳು ಬಹಳ ಹೊತ್ತು ಕಣ್ಣು ಮುಚ್ಚಿ ನಿಂತಿದ್ದಳು.

"ಎಂತ ಬೇಡ್ಕೊಂಡೆ?" ಹೊರಗೆ ಬಂದಾಗ ಅವನು ಕೇಳಿದ.

"ಏನೂ ಇಲ್ಲ ರೀ," ಎಂದಳು ಜಿನಶ್ರೀ. "ಕೇಳೋಕೆ ಏನೂ ನೆನಪಾಗ್ಲಿಲ್ಲ."