ಮೈಕು ಕೆಳಗಿಳಿಸಿದ ಮೊಮ್ಮಗಳು

ಮೊಮ್ಮಗಳು ಅರಚುವುದನ್ನು ಬಿಟ್ಟಾಗ ಮನೆಯವರೆಲ್ಲ ಹಿಗ್ಗಿದರು. ನನಗೆ ಮಾತ್ರ ಎದೆ ಧಸಕ್ಕೆಂದಿತು.

ದೊಡ್ಡಬಳ್ಳಾಪುರದಲ್ಲಿ ಜೀವಮಾನವೆಲ್ಲ ಪವರ್‌ಲೂಮ್ ಮಗ್ಗದ ಮುಂದೆ ನಿಂತವನು ನಾನು. ಆ ಸದ್ದು ನನ್ನ ಕಿವಿಯನ್ನು ತಿಂದುಹಾಕಿತು. ಮಗ್ಗ ಮಾರಿದ ಮೇಲೆ ಖಾಲಿ ಬಿದ್ದ ಶೆಡ್ಡಿನಲ್ಲಿ ಮೊಮ್ಮಗಳು ತನ್ನ ಬ್ಯಾಂಡಿನವರ ಜೊತೆ ಪಂಕ್ ಎಂಬ ಅಬ್ಬರದ ಹಾಡು ಹಾಡುತ್ತಿದ್ದಳು. ಡ್ರಮ್ಮು, ಕರೆಂಟು ಗಿಟಾರು, ಅದರ ಮೇಲೆ ಅವಳ ಕೂಗು. ಬೀದಿಯವರು ಬಾಗಿಲು ಹಾಕಿಕೊಂಡರೆ ನಾನು ಮುಂದೆಯೇ ಕುರ್ಚಿ ಹಾಕಿಕೊಳ್ಳುತ್ತಿದ್ದೆ. ನನಗೆ ಕೇಳಿಸುತ್ತಿದ್ದ ಹಾಡು ಅದೊಂದೇ!

ಹೋದ ವರ್ಷ ಅವಳು ಕರೆಂಟು ಬೇಡದ ಮರದ ಗಿಟಾರೊಂದನ್ನು ತಂದಳು. ಕಿವಿಗೆ ಬಾಯಿಟ್ಟು, "ತಾತ, ಕೂಗಿ ಕೂಗಿ ಸಾಕಾಗ್ಬಿಡ್ತು. ಇನ್ಮೇಲೆ ಅಜ್ಜಿ ಪದ ಹಾಡ್ತೀನಿ" ಎಂದಳು. ಜಗಲಿಯಲ್ಲಿ ಕೂತು, ತಲೆ ಬಗ್ಗಿಸಿ ತಂತಿ ನೋಡುತ್ತಾ ಹಾಡಿದಳು. ಸೊಸೆ ಕಣ್ಣೊರೆಸಿಕೊಂಡಳು. ನನಗೆ ಬೆರಳಾಡಿದ್ದಷ್ಟೇ ಕಂಡಿತು.

"ನಂಗೇನೂ ಕೇಳಿಸ್ಲಿಲ್ಲ ಕಣವ್ವಾ."

"ಅಪ್ಪಂಗೆ ಅರಚಿದ್ರೇನೇ ಸಂಗೀತ" ಎಂದು ಮಗ ರೇಗಿಸಿದ. ಮೊಮ್ಮಗಳ ಮುಖ ಬಾಡಿತು. ಕಿವಿಗೆ ಮಿಷನ್ ಹಾಕಿಸಿದರು, ಬರೀ ಗೊರಗೊರ. ಮಕ್ಕಳು ಹೊಸ ದಾರಿ ಹಿಡಿದರೆ ಜೊತೆಗೆ ಹೋಗಲು ಮುದುಕನಿಗೆ ಕಿವಿಯಾದರೂ ಬೇಡವೇ? ಇವಳ ಹಾಡು ಇನ್ನು ನನಗಿಲ್ಲ ಎಂದುಕೊಂಡೆ.

ಮೊನ್ನೆ ರಾಜಘಟ್ಟದ ಶಾಲೆಯಲ್ಲಿ ಅವಳ ಕಾರ್ಯಕ್ರಮ. ಮುಂದಿನ ಸಾಲಿನಲ್ಲೇ ಕೂತೆ. ಈ ಸಲ ತಲೆಯೆತ್ತಿ ಹಾಡುತ್ತಿದ್ದಳು, ಆದರೆ ಮೈಕು ಬಾಯಿಗೆ ಅಡ್ಡ. ತಡೆಯಲಾರದೆ ಕೂಗಿಬಿಟ್ಟೆ.

"ಮಗಾ, ಆ ಮೈಕು ಕೆಳಗಿಳಿಸು! ನಿನ್ ಬಾಯಿ ಕಾಣ್ತಿಲ್ಲ!"

ಜನ ನಕ್ಕರು. ಅವಳಿಗೆ ಅರ್ಥವಾಯಿತು. ಮಗ್ಗದ ಸದ್ದಿನಲ್ಲಿ ಯಾರ ಮಾತು ಯಾರಿಗೆ ಕೇಳಿಸುತ್ತದೆ? ನಾವು ತುಟಿ ನೋಡಿಯೇ ಮಾತಾಡಿಕೊಳ್ಳುತ್ತಿದ್ದೆವು. ತೀರಿಹೋದ ನನ್ನವಳು ನೂಲಿನ ಕಂಡಿಕೆ ಸುತ್ತುತ್ತಾ ಹಾಡಿಕೊಳ್ಳುತ್ತಿದ್ದುದನ್ನೂ ನಾನು ಹಾಗೆಯೇ ಓದುತ್ತಿದ್ದೆ. ಅಕ್ಷರ ಓದಿದ್ದು ಕಡಿಮೆ, ತುಟಿ ಓದಿದ್ದೇ ಹೆಚ್ಚು.

ಮೈಕು ಎದೆಮಟ್ಟಕ್ಕೆ ಇಳಿಯಿತು. ಮೊಮ್ಮಗಳ ತುಟಿ ಅಲುಗಿತು: "ಎಳೆಗೆ ಎಳೆ ಕೂಡಿ ಸೆರಗಾಯ್ತು ತಾಯಿ..."

ಅಯ್ಯೋ, ನನ್ನವಳ ಪದ! ಒಂದೊಂದು ಮಾತೂ ಸಿಕ್ಕಿತು. ರಾಗ ನನ್ನೊಳಗಿಂದಲೇ ಎದ್ದು ಬಂತು. ಆ ಸಂತೋಷವನ್ನು ಎಲ್ಲಿ ಇಡಲಿ? ನಾನೂ ಗಂಟಲು ಬಿಚ್ಚಿ ಹಾಡಿದೆ. ಮಗ ನನ್ನ ತೊಡೆ ಅದುಮಿದ. ನಾನು ನಿಲ್ಲಿಸಲಿಲ್ಲ.

ಮೊಮ್ಮಗಳು ಪದದ ನಡುವೆ ನನ್ನತ್ತ ತಿರುಗಿ, ನಗು ತಡೆದುಕೊಂಡು, ಬರೀ ತುಟಿಯಲ್ಲಿ ಹೇಳಿದಳು: "ಮೆಲ್ಲಗೆ ತಾತ. ಇದು ಪಂಕ್ ಅಲ್ಲ."