ಲಿಗೋರಿ ಪೊರ್ಬುಗಳ ಬ್ರಿಟಿಷ್ ಊಟ

ಕಾಪುವಿನಲ್ಲಿ ಲಿಗೋರಿಯವರನ್ನು ಯಾರೂ ಬರಿಯ ಹೆಸರು ಹಿಡಿದು ಕರೆಯುವುದಿಲ್ಲ. ತುಳುವರ ಬಾಯಲ್ಲಿ ಕ್ರಿಶ್ಚಿಯನ್ ಗಂಡಸಿಗೆ ಸಲ್ಲುವ ಮರ್ಯಾದೆಯ ಮಾತು ಪೊರ್ಬುಗಳು. ಹೆಜಮಾಡಿಯಿಂದ ಮೀನು ತರುವ ಅಪ್ಪಿ ಚೌಕಾಸಿಗೆ ಬೇಸತ್ತು ಮೂಗು ಮುರಿಯುವಾಗಲೂ ಆ ಮಾತನ್ನು ಬಿಟ್ಟವಳಲ್ಲ.

ಆ ಮರ್ಯಾದೆಗೆ ಲಿಗೋರಿಯವರು ಎಷ್ಟು ಹಸಿದಿದ್ದರೆಂಬುದು ಅವರ ಹೆಂಡತಿ ಸಿಂಥಿಯಾಳಿಗೆ ಮಾತ್ರ ಗೊತ್ತು. ಕಾರ್ಕಳದ ಅತ್ತೂರಿನಲ್ಲಿ ಹುಟ್ಟಿ, ನಾಲ್ಕನೇ ಕ್ಲಾಸಿಗೇ ಶಾಲೆಗೆ ಕೈಮುಗಿದು, ಬಹರೈನಿನ ಒಂದು ಎಣ್ಣೆ ಕಂಪನಿಯ ಮೆಸ್ಸಿನಲ್ಲಿ ಇಪ್ಪತ್ತೆಂಟು ವರ್ಷ ಬ್ರಿಟಿಷ್ ಇಂಜಿನಿಯರುಗಳಿಗೆ ಬೇಯಿಸಿ ಹಾಕಿದ ಜೀವ ಅದು. ಅಲ್ಲಿ ಅವರಿಗೆ ಹೆಸರೇ ಇರಲಿಲ್ಲ. ಮೇಜಿನ ಮೇಲೊಂದು ಹಿತ್ತಾಳೆ ಗಂಟೆ. ಒಂದು ಸಲ ಅಲ್ಲಾಡಿಸಿದರೆ ಚಹಾ, ಎರಡು ಸಲ ಅಲ್ಲಾಡಿಸಿದರೆ ‘ಬಾಯ್’ ಓಡಿ ಬರಬೇಕು. ಐವತ್ತು ದಾಟಿ, ತಲೆ ನರೆತು, ಮಗಳ ಮದುವೆ ಮುಗಿಸಿದ ಮೇಲೂ ಬಾಯ್.

ಊರಿಗೆ ಮರಳುವಾಗ ತಂದದ್ದು ಒಂದು ಪುಸ್ತಕ. ಮೆಸ್ಸಿನಲ್ಲಿ ಕಲಿತ ಅಡುಗೆ, ಕಂಡ ಪದ್ಧತಿ ಎಲ್ಲವನ್ನೂ ಕಿವಿಗೆ ಬಿದ್ದ ಹಾಗೆ ಕನ್ನಡದ ಅಕ್ಷರದಲ್ಲಿ ಬರೆದಿಟ್ಟದ್ದು. ಮಣಿಪಾಲದಲ್ಲಿ ಹೊಸದಾಗಿ ಹೋಟೆಲು ತೆರೆದ ಪ್ರತೀಕ ಮನೆಗೆ ಬಂದದ್ದು ಆ ಪುಸ್ತಕವನ್ನು ಹುಡುಕಿಕೊಂಡೇ. ಶನಿವಾರ ಮೂವತ್ತು ಮಂದಿಗೆ ಬ್ರಿಟಿಷ್ ಊಟ, ಏನೇನು ಇರಬೇಕೆಂದು ಅಂಕಲೇ ಹೇಳಬೇಕು ಎಂದ. ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಯಾರೋ ತನ್ನ ವಿದ್ಯೆಯನ್ನು ಕೇಳಿಕೊಂಡು ಮೆಟ್ಟಿಲು ಹತ್ತಿದರಲ್ಲ ಎಂದು ಪೊರ್ಬುಗಳ ಎದೆ ಉಬ್ಬಿತು.

ಆದರೆ ಪ್ರತೀಕನ ಮೊಬೈಲಿನಲ್ಲಿದ್ದ ಪಟ್ಟಿ ನೋಡಿದರೆ ಯಾವುದೋ ನವಾಬರ ಮನೆಯ ಮದುವೆಯೂಟ. ಲಿಗೋರಿಯವರು ಅದನ್ನು ಒಂದೊಂದೇ ಹೊಡೆದು ಹಾಕಿದರು. ಬಿಳಿಯರು ತಿನ್ನುತ್ತಿದ್ದದ್ದು ಅದಲ್ಲ. ಸೋಡಾ ಬೆರೆಸಿದ ಮೈದಾಹಿಟ್ಟಿನಲ್ಲಿ ಅದ್ದಿ ಕರಿದ ಮೀನು, ಪುದಿನ ಹಾಕಿ ಜಜ್ಜಿದ ಬಟಾಣಿ, ಕುರಿಯ ರೋಸ್ಟು, ನಿನ್ನೆಯ ಆಲೂಗಡ್ಡೆ ಮತ್ತು ಕ್ಯಾಬೇಜನ್ನು ಕಲಸಿ ಬಾಣಲೆಯಲ್ಲಿ ಕೆಂಪಗೆ ಮಾಡಿದ್ದು, ಕೊನೆಗೆ ಹಳೆಯ ಬ್ರೆಡ್ಡಿನ ಪುಡಿಂಗು. ನಿನ್ನೆಯದನ್ನು ಬಡಿಸುವುದಾ ಎಂದು ಪ್ರತೀಕ ಮುಖ ಹಿಂಡಿದ. ಅವರ ದೊಡ್ಡಸ್ತಿಕೆಯೆಲ್ಲ ನಿನ್ನೆಯದ್ದೇ ಎಂದು ಲಿಗೋರಿಯವರು ಅವನ ಬಾಯಿ ಮುಚ್ಚಿಸಿದರು.

ಮೀನು ಮಾತ್ರ ಮುಳ್ಳು ಕಡಿಮೆಯ ಕಾಣೆಮೀನೇ ಬೇಕೆಂದು ಅಪ್ಪಿಗೆ ಹೇಳಿದರು. ಮೆಣಸೂ ಇಲ್ಲ, ಹುಳಿಯೂ ಇಲ್ಲವೆಂದು ತಿಳಿದು ಅವಳು ಬುಟ್ಟಿ ಕೆಳಗಿಟ್ಟಳು. “ಹಾಗಾದರೆ ಈ ಮೀನು ಸತ್ತದ್ದು ಎಂತಕ್ಕೆ ಪೊರ್ಬುಗಳೇ?”

ಗುರುವಾರ ಪ್ರತೀಕನ ಹೋಟೆಲಿನಲ್ಲಿ ರುಚಿ ನೋಡುವ ದಿನ. ಸಿಂಥಿಯಾ ಟ್ರಂಕಿನಿಂದ ಭಾನುವಾರದ ಪೂಜೆಗೆ ಇಗರ್ಜಿಗೆ ಹೋಗುವ ಕೋಟು ತೆಗೆದು ಕೊಟ್ಟಳು. ಲಿಗೋರಿಯವರು ಅದನ್ನು ಅಡುಗೆಮನೆಯ ಮೊಳೆಗೆ ತೂಗುಹಾಕಿ ಅಡುಗೆಗೆ ನಿಂತರು. ಮೂಲೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆ, ಅದರಲ್ಲಿ ಜರಿಯಂಚಿನ ಕೆಂಪು ರುಮಾಲು, ಸೊಂಟಪಟ್ಟಿ. ಯಾವ ನಾಟಕದವರದ್ದೋ ಎಂದುಕೊಂಡರು. ಉಳಿದ ಅಡುಗೆಯನ್ನೆಲ್ಲ ಮೇಜಿಗೆ ಕಳಿಸಿ ಕೊನೆಗೆ ಮೀನಿನ ಬಾಣಲೆ ಇಳಿಸುತ್ತಿದ್ದರು, ಊಟದ ಕೋಣೆಯಲ್ಲಿ ಗಂಟೆ ಅಲ್ಲಾಡಿತು. ಒಂದಲ್ಲ, ಎರಡು ಸಲ.

ಕಾಲುಗಳು ಹೊರಟೇಬಿಟ್ಟವು. ಕೈ ತಾನಾಗಿ ಏಪ್ರನ್ನಿಗೆ ಒರೆಸಿಕೊಂಡಿತು, ಬೆನ್ನು ತಾನಾಗಿ ಬಾಗಿತು. ಬುದ್ಧಿ ಎಚ್ಚರಾಗುವಷ್ಟರಲ್ಲಿ ಅವರು ಮೇಜಿನ ಪಕ್ಕ ಕೈಕಟ್ಟಿ ನಿಂತಾಗಿತ್ತು.

ಮೇಜಿಗೆ ಕುಳಿತಿದ್ದ ಪ್ರತೀಕ ಹೋಟೆಲಿನ ಅಡುಗೆಯವರ ಕಡೆ ತಿರುಗಿ ಚಪ್ಪಾಳೆ ತಟ್ಟಿದ. “ನೋಡಿ, ಅಂಕಲಿಗೆ ಹೇಳಿಕೊಡುವುದೇ ಬೇಡ. ಶನಿವಾರ ಆ ರುಮಾಲು ಕಟ್ಟಿ ಹೀಗೆಯೇ ಬಂದರೆ ಸಾಕು.” ಗಂಟೆಯನ್ನು ಕಾರ್ಕಳದಲ್ಲಿ ಹಳೇ ಸಾಮಾನು ಮಾರುವವರಿಂದ ತಂದದ್ದಂತೆ, ಎರಡು ಸಲದ ಲೆಕ್ಕ ಪುಸ್ತಕದಲ್ಲೇ ಸಿಕ್ಕಿದ್ದಂತೆ. ಅಚ್ಚು ಮಾಡಿಸಿದ ಮೆನು ಕಾರ್ಡನ್ನೂ ಮುಂದೆ ಹಿಡಿದ. ಅದರ ಮೇಲ್ತುದಿಯಲ್ಲಿ ದಪ್ಪ ಅಕ್ಷರದಲ್ಲಿತ್ತು: ಬಾಯ್ ಲಿಗೋರಿಯ ಅಡುಗೆ.

ಲಿಗೋರಿಯವರ ಕಿವಿ ಬಿಸಿಯಾಯಿತು. ಪ್ರತೀಕನ ಮೇಲೆ ಬಂದ ಸಿಟ್ಟು ಒಂದು ಪಾಲಾದರೆ, ತನ್ನ ಕಾಲುಗಳ ಮೇಲೆ ಬಂದದ್ದು ಮೂರು ಪಾಲು. ಊರಿಗೆ ಬಂದು ಇಪ್ಪತ್ತು ವರ್ಷ ಕಳೆದರೂ ಈ ನಾಯಿಕಾಲುಗಳು ಇನ್ನೂ ಆ ಮೆಸ್ಸಿನಲ್ಲೇ ಇವೆಯಲ್ಲ. ಪ್ರತೀಕ ಅವರ ಮುಖ ನೋಡಿ, ಇದೆಲ್ಲ ತಮಾಷೆಗೆ, ಬ್ರಿಟಿಷ್ ವಾತಾವರಣ ಬರಬೇಕಲ್ಲ ಎಂದ.

“ಅವರ ಪದ್ಧತಿಯೇ ಬೇಕಾ ನಿನಗೆ? ಹಾಗಾದರೆ ಪೂರ್ತಿ ಮಾಡುವ,” ಎಂದರು ಲಿಗೋರಿಯವರು. “ಕ್ರಿಸ್ಮಸ್ಸಿನ ದಿನ ಸಾಹೇಬರು ಏಪ್ರನ್ ಕಟ್ಟಿ ನಮಗೆ ಬಡಿಸುತ್ತಿದ್ದರು. ವರ್ಷಕ್ಕೆ ಒಂದೇ ದಿನ. ಅದೂ ನನ್ನ ಪುಸ್ತಕದಲ್ಲಿ ಉಂಟು.” ಏಪ್ರನ್ ಬಿಚ್ಚಿ ಅವನ ಹೆಗಲಿಗೆ ಹಾಕಿ, ಮೊಳೆಯಿಂದ ಕೋಟು ತಂದು ತೊಟ್ಟು, ಮೇಜಿನ ತುದಿಯ ಯಜಮಾನನ ಕುರ್ಚಿಯಲ್ಲಿ ಕುಳಿತು ಗಂಟೆಯನ್ನು ಎರಡು ಸಲ ಅಲ್ಲಾಡಿಸಿದರು.

ಪ್ರತೀಕ ಆಟವೆಂದೇ ತಿಳಿದು ಹಲ್ಲು ಕಿರಿಯುತ್ತ ಮೀನು ತಂದಿಟ್ಟ. ಮತ್ತೆ ಗಂಟೆ. ಉಪ್ಪು ಬಂತು. ಮತ್ತೆ ಗಂಟೆ. ನೀರು ಬಂತು. ಅಡುಗೆಯವರೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಐದನೆಯ ಸಲಕ್ಕೆ ಅವನ ನಗು ಆರಿತು, ಏಳನೆಯ ಸಲಕ್ಕೆ ಕತ್ತು ಕೆಂಪಾಯಿತು.

“ಈಗ ಹೇಳು ಮಾರಾಯ, ತಮಾಷೆ ಎಲ್ಲಿ ಉಂಟು?”

ಲಿಗೋರಿಯವರು ಮೀನನ್ನು ಮುಟ್ಟಲೂ ಇಲ್ಲ. ಅಡುಗೆಮನೆಯಿಂದ ಇಕ್ಕಳ ತರಿಸಿ, ಗಂಟೆಯ ನಾಲಿಗೆಯನ್ನು ಕಿತ್ತು ಕೋಟಿನ ಕಿಸೆಗೆ ಹಾಕಿಕೊಂಡರು. ರುಮಾಲಿನ ಪೆಟ್ಟಿಗೆ ಹೊರಗೆ ಹೋಗಬೇಕು, ಕಾರ್ಡು ಹೊಸದಾಗಬೇಕು, ಇಲ್ಲದಿದ್ದರೆ ಪುಸ್ತಕ ತನ್ನ ಜೊತೆಗೇ ಕಾಪುವಿಗೆ ಹೋಗುತ್ತದೆ ಎಂದರು. ಪ್ರತೀಕ ನೆಲ ನೋಡುತ್ತ ತಲೆಯಾಡಿಸಿದ.

ಶನಿವಾರ ಹೊಸ ಕಾರ್ಡಿನಲ್ಲಿ ‘ಲಿಗೋರಿ ಕಸ್ತೆಲಿನೊ, ಕಾಪು’ ಎಂದಿತ್ತು. ಗಂಟೆ ಮೇಜಿನ ಮೇಲೆ ಅಲಂಕಾರಕ್ಕೆ ಇತ್ತು. ಯಾರೋ ದೊಡ್ಡ ಮನುಷ್ಯ ಅದನ್ನೆತ್ತಿ ಎರಡು ಸಲ ಅಲ್ಲಾಡಿಸಿ, ಸದ್ದಿಲ್ಲದ್ದನ್ನು ಕಂಡು ಬೋರಲು ಮಾಡಿ ನೋಡಿದ. ಬಾಗಿಲ ಸಂದಿಯಿಂದ ಲಿಗೋರಿಯವರು ಅದನ್ನು ಕಂಡರು. ಸಿಟ್ಟು ಇಳಿದಿರಲಿಲ್ಲ. ಪುಡಿಂಗಿನ ಮೇಲ್ಪದರ ಕೆಂಪಾಗುವವರೆಗೆ ಒಲೆಯ ಮುಂದೆಯೇ ನಿಂತು, ಆಮೇಲೆ ಕೋಟಿನ ಗುಂಡಿ ಹಾಕಿಕೊಂಡು, ಯಾರೂ ಕರೆಯದೆ, ತಾವಾಗಿಯೇ ಊಟದ ಕೋಣೆಗೆ ಬಂದರು.